ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಸ್ಟೋರ್ಸ್‌ನವರನ್ನು ಕೇಳಿ

ಭೋಸರಿ, ಚಾಕಣ ಕಡೆ ಸಣ್ಣ ವರ್ಕ್‌ಶಾಪ್ ನಡೆಸುವ ನಮ್ಮ ಕನ್ನಡದ ಜನ ಇದ್ದಾರೆ. ವ್ಯವಹಾರ ಸ್ವಲ್ಪ ಬೆಳೆಯಿತು ಅಂದರೆ ಸಾಕು, ಇಆರ್‌ಪಿ (ಖರೀದಿ, ಸ್ಟಾಕು, ಲೆಕ್ಕ ಎಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್), ಪರ್ಚೇಸ್ ಸಾಫ್ಟ್‌ವೇರ್ ಮಾರುವವರು ಬಾಗಿಲಿಗೆ ಬರುತ್ತಾರೆ. ಪುಣೆಯಲ್ಲಿ ಪರ್ಚೇಸ್ ಕೆಲಸವನ್ನೇ ಮಾಡುವ ನನಗೆ ಈ ಧಂದೆಯಲ್ಲಿ ಕಾಣುವ ದೊಡ್ಡ ತಪ್ಪು ಒಂದೇ. ದುಡ್ಡು ಕೊಡುವವರು ಒಬ್ಬರು, ದಿನವಿಡೀ ಅದರ ಮುಂದೆ ಕೂತು ಕಷ್ಟಪಡುವವರು ಇನ್ನೊಬ್ಬರು. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಡೆಮೊದಲ್ಲಿ ಮಾಲೀಕರಿಗೆ ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾರೆ, ಗೇಟ್‌ನಲ್ಲಿ ಮಾಲು ಇಳಿಸಿಕೊಳ್ಳುವವರು ತುಂಬಬೇಕಾದ ಸ್ಕ್ರೀನ್ ತೋರಿಸುವುದಿಲ್ಲ.

ಹಾಗಾಗಿ ಮೊದಲು ಡೆಮೊ ನಿಮ್ಮ ಕೈಯಲ್ಲಿರಲಿ. ಅವರು ತಂದ ಮಾದರಿ ಲೆಕ್ಕ ಬೇಡ ಅನ್ನಿ. ಸ್ಟೋರ್ಸ್‌ನವರನ್ನೂ ಅಕೌಂಟ್ಸ್‌ನವರನ್ನೂ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಕಳೆದ ತಿಂಗಳು ಅತಿ ಹೆಚ್ಚು ತಲೆನೋವು ಕೊಟ್ಟ ಚಲನ್, ಬಿಲ್ಲು ತನ್ನಿ. ಉದಾಹರಣೆಗೆ, 500 ಪೀಸ್ ಪ್ಲೇಟಿಂಗ್ ಮಾಡಿಸಲು ಹೊರಗಿನ ಘಟಕಕ್ಕೆ ಜಾಬ್‌ವರ್ಕ್ ಚಲನ್ ಮೇಲೆ ಹೋದವು ಅನ್ನಿ. ಮೊದಲ ಸಲ 300 ವಾಪಸ್ ಬಂದವು, ಅದರಲ್ಲಿ 12 ರಿಜೆಕ್ಟ್, ಆ 12 ಮತ್ತೆ ಅವರಿಗೇ ಹೋದವು. ಈಗ ನಮ್ಮ ಹತ್ತಿರ 288, ಅವರ ಹತ್ತಿರ 212. ಈ ಎರಡು ಸಂಖ್ಯೆ ಸ್ಕ್ರೀನ್ ಮೇಲೆ ಸರಿಯಾಗಿ ಬರಬೇಕು, ಯಾವ ಚಲನ್‌ನಲ್ಲಿ ಎಷ್ಟು ಬಾಕಿ ಅಂತಲೂ ಬರಬೇಕು. ಜಿಎಸ್‌ಟಿ ನಿಯಮದಲ್ಲಿ ಜಾಬ್‌ವರ್ಕ್‌ಗೆ ಕಳಿಸಿದ ಮಾಲು 1 ವರ್ಷದೊಳಗೆ ವಾಪಸ್ ಬರದಿದ್ದರೆ ಕಳಿಸಿದ ದಿನವೇ ಮಾರಿದ ಲೆಕ್ಕ ಆಗುತ್ತದೆ, ತೆರಿಗೆ ನಿಮ್ಮ ತಲೆಗೆ. ಮಾರುವವರು ಮೌಸ್ ಹಿಡಿಯುವುದು ಬೇಡ, ನಿಮ್ಮ ಸ್ಟೋರ್ಸ್‌ನವರೇ ಹಿಡಿಯಲಿ, ಎಷ್ಟು ಕಡೆ ಒತ್ತಬೇಕಾಯಿತು ಅಂತ ನೀವು ಪಕ್ಕದಲ್ಲಿ ಕೂತು ನೋಡಿ. "ಅದನ್ನು ಆಮೇಲೆ ಕಸ್ಟಮೈಸ್ ಮಾಡಿಕೊಡುತ್ತೇವೆ" ಅಂದರೆ ಅದು ಇವತ್ತು ಇಲ್ಲ ಅಂತಲೇ ಬರೆದುಕೊಳ್ಳಿ.

ಈ ಕಸ್ಟಮೈಸ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಜರ್ಮನಿಯ ಲಿಡ್ಲ್ ಅಂಗಡಿಗಳು ಸ್ಟಾಕನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುತ್ತಿದ್ದವು, ದೊಡ್ಡ ಇಆರ್‌ಪಿ ಕಂಪನಿ ಎಸ್‌ಎಪಿಯ ಸಾಫ್ಟ್‌ವೇರ್ ಮಾರುವ ಬೆಲೆಯಲ್ಲಿ ಇಡುತ್ತಿತ್ತು. ಅದನ್ನು ತಮಗೆ ಹೊಂದಿಸಿಕೊಳ್ಳಲು ಹೊರಟು, ಸುಮಾರು 50 ಕೋಟಿ ಯೂರೋ ಖರ್ಚಾದ ಮೇಲೆ 2018ರಲ್ಲಿ ಇಡೀ ಪ್ರಾಜೆಕ್ಟ್ ಕೈಬಿಟ್ಟರು ಅಂತ ವರದಿಯಾಯಿತು. ಅಷ್ಟು ದೊಡ್ಡವರೇ ತಡೆದುಕೊಳ್ಳಲಿಲ್ಲ, ನಮ್ಮ ಗತಿ ಏನು? ಯಾವುದು ಬದಲಾಗಬೇಕು, ನಿಮ್ಮ ಪದ್ಧತಿಯೋ ಸಾಫ್ಟ್‌ವೇರೋ, ಸಹಿಗೆ ಮುಂಚೆಯೇ ತೀರ್ಮಾನ ಆಗಬೇಕು.

ಮುಂಬೈನಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್ ಅನ್ನುವ ಇಆರ್‌ಪಿ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ, ಲೈಸೆನ್ಸ್ ದುಡ್ಡಿಲ್ಲ. ಅದೇ 500 ಪೀಸ್ ಲೆಕ್ಕ ಅದರಲ್ಲೂ ಹಾಕಿ ನೋಡಿ. ಅದನ್ನು ನಡೆಸಲು ಗೊತ್ತಿರುವವರೊಬ್ಬರು ಬೇಕು, ಅವರ ಸಂಬಳವನ್ನೂ ಹಿಡಿದೇ ಹೋಲಿಸಿ.

ಇನ್ನು ದುಡ್ಡು. ಕೊಟೇಶನ್‌ನ ಮೊದಲ ಪುಟದ ಬೆಲೆ ನೋಡಿ ಹೂಂ ಅನ್ನಬೇಡಿ. ಒಂದು ಸಲ ಲೈಸೆನ್ಸ್ ಕೊಂಡರೆ ಆಯಿತು ಅನ್ನುವ ಕಡೆಯೂ ವರ್ಷಕ್ಕಿಷ್ಟು ಅಂತ ಸಪೋರ್ಟ್ ದುಡ್ಡು ಇರುತ್ತದೆ, ಒರಾಕಲ್‌ನಂಥವರದು ಲೈಸೆನ್ಸ್ ಬೆಲೆಯ 22%. 20 ಲಕ್ಷದ ಲೈಸೆನ್ಸ್‌ಗೆ ವರ್ಷಕ್ಕೆ 4.4 ಲಕ್ಷ, 5 ವರ್ಷಕ್ಕೆ 22 ಲಕ್ಷ, ಅಂದರೆ ಲೈಸೆನ್ಸ್‌ಗಿಂತ ಜಾಸ್ತಿ. ಬಾಡಿಗೆ ಲೆಕ್ಕದ್ದಾದರೆ ರಿನ್ಯೂವಲ್‌ನಲ್ಲಿ ಎಷ್ಟು ಏರಿಸಬಹುದು ಅಂತ ಮಿತಿ ಬರೆಸಿ. ಯೂಸರ್ ಅಂದರೆ ಯಾರು ಅಂತಲೂ ಬರೆಸಿ, ಇದು ಸುಮ್ನೆ ಹೇಳುತ್ತಿಲ್ಲ. ಬ್ರಿಟನ್‌ನಲ್ಲಿ ಡಿಯಾಜಿಯೊ ಅನ್ನುವ ಮದ್ಯದ ಕಂಪನಿಯ ಗ್ರಾಹಕರು ಬೇರೆ ಆ್ಯಪ್‌ನಲ್ಲಿ ಆರ್ಡರ್ ಹಾಕುತ್ತಿದ್ದರು, ಆ ಆರ್ಡರ್ ಒಳಗಿಂದ ಎಸ್‌ಎಪಿಗೆ ಹೋಗುತ್ತಿತ್ತು. ಅದಕ್ಕೂ ಲೈಸೆನ್ಸ್ ಬೇಕು ಅಂತ ಎಸ್‌ಎಪಿ 5 ಕೋಟಿ 40 ಲಕ್ಷ ಪೌಂಡ್‌ಗೂ ಮೇಲೆ ಕೇಳಿತು. 2017ರಲ್ಲಿ ಲಂಡನ್ನಿನ ಕೋರ್ಟು ದುಡ್ಡು ಕೊಡಬೇಕಾಗುತ್ತದೆ ಅಂತಲೇ ಹೇಳಿತು, ಎಷ್ಟು ಅನ್ನುವುದನ್ನು ಮಾತ್ರ ಮುಂದಕ್ಕೆ ಬಿಟ್ಟಿತು. ನಾಳೆ ನೀವು ವಾಟ್ಸಾಪ್ ಆರ್ಡರನ್ನೋ ತೂಕದ ಯಂತ್ರವನ್ನೋ ಜೋಡಿಸಿದರೆ ಬಿಲ್ ಬರುತ್ತದಾ ಅಂತ ಕೇಳಿ, ಉತ್ತರ ಮೇಲ್‌ನಲ್ಲಿ ತರಿಸಿಕೊಳ್ಳಿ.

ಬಿಟ್ಟುಹೋಗುವ ದಿನದ ಷರತ್ತು ಕೂಡ ಬೇಕು. ಸಪ್ಲೈಯರ್ ಪಟ್ಟಿ, ಹಳೆಯ ಆರ್ಡರ್, ಸ್ಕ್ಯಾನ್ ಮಾಡಿದ ಬಿಲ್ಲು ಎಲ್ಲವೂ ಎಕ್ಸೆಲ್ ಮತ್ತು ಪಿಡಿಎಫ್‌ನಲ್ಲಿ, ಹೆಚ್ಚಿನ ದುಡ್ಡಿಲ್ಲದೆ, ಇಷ್ಟು ದಿನದೊಳಗೆ ಅಂತ ಇರಲಿ. ಟ್ರಯಲ್‌ನಲ್ಲೇ ಒಂದು ಸಲ ಎಲ್ಲ ಹೊರಗೆ ತೆಗೆಸಿ ನೋಡಿ. ಕೆಲವರು ಪಿಡಿಎಫ್ ಒಂದೊಂದಾಗಿ ಇಳಿಸಿಕೊಳ್ಳಿ ಅನ್ನುತ್ತಾರೆ, ಸಾವಿರಾರು ಬಿಲ್ಲು ಇರುವಾಗ ಅದು ಕೊಡದೇ ಇದ್ದ ಹಾಗೇ ಅಲ್ವಾ?

ಕೊನೆಯದು, ನೀವು ಕೊಳ್ಳುವವರಲ್ಲ, ದೊಡ್ಡ ಕಂಪನಿಗೆ ಮಾಲು ಕೊಡುವವರು ಅಂತಾದರೆ. ಆರ್ಡರ್, ಬಿಲ್ಲು ಎಲ್ಲ ಹಾಕುವ ಅವರ ಪೋರ್ಟಲ್‌ಗೆ ಸೇರಲೇಬೇಕು ಅನ್ನುತ್ತಾರೆ, ಇಂಥ ಪೋರ್ಟಲ್ ನಡೆಸುವ ಕೆಲವು ನೆಟ್‌ವರ್ಕ್‌ಗಳು ಸಪ್ಲೈಯರ್ ಕಡೆಯಿಂದಲೂ ಫೀ ತೆಗೆದುಕೊಳ್ಳುತ್ತವೆ. ಇದು ನನಗೆ ಅನ್ಯಾಯ ಅನ್ನಿಸುತ್ತದೆ, ಸಾಫ್ಟ್‌ವೇರ್ ಆರಿಸಿದ್ದು ಅವರು, ದುಡ್ಡು ಯಾಕೆ ನಿಮ್ಮದು? ಫ್ರೀ ಅಕೌಂಟ್ ಇದೆಯಾ ಅಂತ ಮೊದಲು ಕೇಳಿ. ಬಿಲ್ ರಿಜೆಕ್ಟ್ ಆಗಿದೆ, ಮತ್ತೆ ಹಾಕಿ, ಪೇಮೆಂಟ್ ದಿನ ಅಲ್ಲಿಂದ ಶುರು ಅಂತ ಪೋರ್ಟಲ್ ತೋರಿಸಿದರೆ ಅದನ್ನು ಒಪ್ಪಬೇಡಿ. ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಇರುವ ಮೈಕ್ರೋ ಅಥವಾ ಸ್ಮಾಲ್ ಘಟಕ ಆಗಿದ್ದರೆ, ಕಾನೂನಿನ ಪ್ರಕಾರ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿದ ದಿನ. ಕರಾರು ಏನೇ ಇದ್ದರೂ ಅಲ್ಲಿಂದ 45 ದಿನಕ್ಕಿಂತ ಮುಂದೆ ಹೋಗುವ ಹಾಗಿಲ್ಲ, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ 'ಬ್ಯಾಂಕ್ ರೇಟ್'ನ ಮೂರು ಪಟ್ಟು ಬಡ್ಡಿ. ಅದಕ್ಕೇ ಗೇಟ್‌ನಲ್ಲಿ ಸೀಲು ಹಾಕಿದ ಚಲನ್ ಫೋಟೋ ತೆಗೆದು ಅವತ್ತೇ ಅವರ ಪರ್ಚೇಸ್‌ನವರಿಗೆ ಮೇಲ್ ಮಾಡಿ, ಪೋರ್ಟಲ್‌ನಲ್ಲಿ ಹಾಕಿದ್ದರೂ ಸರಿ.