ಮಗಳನ್ನು ನೋಡುತ್ತಾ ಬರೆದಿಟ್ಟದ್ದು

ಮಗಳಿಗೆ ಒಂದೂವರೆ ವರ್ಷ ಆಗುವ ಹೊತ್ತಿಗೆ ಮನೆಗೆ ಬಂದವರೆಲ್ಲ ಅವಳ ಸ್ವಭಾವ ಹೀಗೇ ಅಂತ ತೀರ್ಮಾನಿಸಿಬಿಟ್ಟಿದ್ದರು. ಒಬ್ಬರ ಪ್ರಕಾರ ಅವಳಿಗೆ ನಾಚಿಕೆ ಜಾಸ್ತಿ. ಇನ್ನೊಬ್ಬರ ಪ್ರಕಾರ ಹಠಮಾರಿ. ಅಜ್ಜಿಯ ಕಣ್ಣಿಗೆ ಅವಳಷ್ಟು ಸಾಧು ಮಗು ಇನ್ನೊಂದಿಲ್ಲ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬೊಬ್ಬರು ಅವಳನ್ನು ಒಂದೊಂದು ಹೊತ್ತಿನಲ್ಲಿ ನೋಡಿದ್ದರು, ಅಷ್ಟೇ. ನನಗೆ ಎಲ್ಲಾ ಹೊತ್ತಿನ ಮಗುವೂ ಬೇಕಾಗಿತ್ತು. ಅದಕ್ಕೇ ಒಂದು ನೋಟ್‌ಬುಕ್ ಇಟ್ಟುಕೊಂಡೆ.

ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಗುಣದ ಹೆಸರು ಬರೆಯಬಾರದು, ನಡೆದದ್ದನ್ನು ಬರೆಯಬೇಕು. ‘ಇವತ್ತು ತುಂಬಾ ಹಠ ಮಾಡಿದಳು’ ಅಂತ ಬರೆದಿಟ್ಟರೆ ತಿಂಗಳಾದ ಮೇಲೆ ಓದಿದಾಗ ಏನೂ ಸಿಗುವುದಿಲ್ಲ. ‘ಬ್ಲಾಕ್ಸ್ ಜೋಡಿಸುತ್ತಿದ್ದಳು. ಸ್ನಾನಕ್ಕೆ ಅಂತ ಎತ್ತಿಕೊಂಡ ತಕ್ಷಣ ಮೈ ಸೆಟೆದು ಅತ್ತಳು. ನೀರು ಮೈಮೇಲೆ ಬಿದ್ದ ಮೇಲೆ ಸುಮ್ಮನಾದಳು’ ಅಂತ ಬರೆದರೆ ಸಿಗುತ್ತದೆ. ಪಕ್ಕದಲ್ಲಿ ಹೊತ್ತು ಎಷ್ಟು, ಯಾರು ಜೊತೆಗಿದ್ದರು, ಮಧ್ಯಾಹ್ನ ನಿದ್ದೆ ಆಗಿತ್ತಾ ಅನ್ನುವುದನ್ನೂ ಗುರುತು ಹಾಕುತ್ತಿದ್ದೆ. ಅವಳ ಎದುರಿಗೆ ಮಾತ್ರ ಬರೆಯುತ್ತಿರಲಿಲ್ಲ. ತನ್ನನ್ನು ಯಾರಾದರೂ ನೋಡುತ್ತಿದ್ದರೆ ಮಗುವಿಗೆ ಗೊತ್ತಾಗಿಯೇ ಆಗುತ್ತದೆ, ಆಗ ಆಟದ ಬಣ್ಣವೇ ಬೇರೆ.

ಒಂದಷ್ಟು ಪುಟ ತುಂಬಿದ ಮೇಲೆ ಹಿಂದಕ್ಕೆ ತಿರುವಿ ಓದಿದೆ. ಅತ್ತು ರಂಪ ಮಾಡಿದ ದಿನಗಳೆಲ್ಲದರಲ್ಲೂ ಒಂದು ಸಂಗತಿ ಸಮಾನವಾಗಿತ್ತು. ಅವಳು ಯಾವುದೋ ಕೆಲಸದ ನಡುವೆ ಇದ್ದಳು. ಸುಮ್ನೆ ಕೂತಿದ್ದಾಗ ಕರೆದರೆ ಅದೇ ಸ್ನಾನಕ್ಕೆ ನಗುತ್ತಾ ಬಂದಿದ್ದಾಳೆ! ಅಂದರೆ ಅವಳಿಗೆ ಬೇಡವಾಗಿದ್ದದ್ದು ಸ್ನಾನ ಅಲ್ಲ, ಅರ್ಧಕ್ಕೆ ಎಬ್ಬಿಸುವುದು. ಆಮೇಲಿಂದ ‘ಇನ್ನು ಎರಡು ಬ್ಲಾಕ್ ಇಟ್ಟು ಬಾ ಪುಟ್ಟಿ’ ಅನ್ನುತ್ತೇನೆ. ಎರಡೂ ಇಡುತ್ತಾಳೆ, ಒಮ್ಮೆ ನೋಡುತ್ತಾಳೆ, ಬರುತ್ತಾಳೆ. ನಿದ್ದೆ ಕೆಟ್ಟ ದಿನ ಇದೂ ನಡೆಯುವುದಿಲ್ಲ. ಆದರೆ ಹಿಡಿದ ಕೆಲಸ ಮುಗಿಸಬೇಕು ಅನ್ನುವ ಆ ಛಲ ನನಗೆ ತುಂಬಾ ಇಷ್ಟ. ಅದನ್ನು ಹಠ ಅಂತ ಕರೆದು ಮುಗಿಸಲು ಮನಸ್ಸು ಬರುವುದಿಲ್ಲ.

ಎಲ್ಲಿ ನೋಡಬೇಕು ಅಂತ ತಿಳಿಯಲು ನನಗೆ ನೆರವಾದದ್ದು ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಅವರ ಕೆಲಸ. ಗಂಡ ಹೆಂಡತಿ, ಇಬ್ಬರೂ ಮನೋವೈದ್ಯರು. 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುಮಾಡಿ, ಎಳೆಕೂಸುಗಳನ್ನು ಅವು ದೊಡ್ಡವರಾಗುವವರೆಗೂ ಗಮನಿಸಿದರು. ಹುಟ್ಟಿನಿಂದಲೇ ಕಾಣುವ 9 ಅಂಶಗಳನ್ನು ಗುರುತಿಸಿದರು. ಮಗು ಎಷ್ಟು ಓಡಾಡುತ್ತದೆ, ಹಸಿವು ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತವಾ, ಅಳು ನಗು ಎಷ್ಟು ಜೋರು, ಸಣ್ಣ ಸದ್ದಿಗೂ ಬೆಚ್ಚುತ್ತದಾ, ಹೀಗೆ. ನನಗೆ ಕಣ್ಣು ತೆರೆಸಿದ್ದು ಅದರಲ್ಲಿ ಎರಡು. ಹೊಸದನ್ನು ಕಂಡ ಕೂಡಲೇ ಮಗು ಏನು ಮಾಡುತ್ತದೆ ಅನ್ನುವುದು ಒಂದು. ಆ ಹೊಸದಕ್ಕೆ ಆಮೇಲೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ, ಅಲ್ವಾ?

ಹೊಸ ಮಕ್ಕಳ ಗುಂಪು ಕಂಡರೆ ನನ್ನ ಮಗಳು ನನ್ನ ಕಾಲಿನ ಹಿಂದೆ ನಿಲ್ಲುತ್ತಾಳೆ. ತುಂಬಾ ಹೊತ್ತು ನಿಲ್ಲುತ್ತಾಳೆ. ಕರೆದರೆ ಇನ್ನೂ ಹಿಂದೆ ಸರಿಯುತ್ತಾಳೆ. ಆದರೆ ಅವಳ ಕಣ್ಣು ಆ ಮಕ್ಕಳ ಮೇಲೇ ಇರುತ್ತದೆ. ಮನೆಗೆ ಬಂದ ಮೇಲೆ ಯಾರು ಚೆಂಡು ಹೇಗೆ ಎಸೆದರು, ಬಿದ್ದ ಹುಡುಗ ಹೇಗೆ ಎದ್ದ ಅಂತ ಎಲ್ಲವನ್ನೂ ಗೊಂಬೆಗಳ ಕೈಲಿ ಆಡಿಸಿ ತೋರಿಸುತ್ತಾಳೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ತಾನಾಗಿಯೇ ಗುಂಪಿನೊಳಗೆ ನುಗ್ಗುತ್ತಾಳೆ. ಆ ಅಧ್ಯಯನದಲ್ಲಿ ಹೀಗೆ ನಿಧಾನವಾಗಿ ಬೆರೆಯುವ ಮಕ್ಕಳು ನೂರಕ್ಕೆ ಸುಮಾರು 15 ಇದ್ದರು. ಈಗ ಯಾರಾದರೂ ‘ಇವಳಿಗೆ ನಾಚಿಕೆ’ ಅಂದರೆ ನಾನು ‘ಅವಳು ಮೊದಲು ನೋಡ್ತಾಳೆ, ಆಮೇಲೆ ಬರ್ತಾಳೆ’ ಅಂತಷ್ಟೇ ಹೇಳುತ್ತೇನೆ. ಮಗುವಿನ ಎದುರಿಗೆ ಅವಳ ಬಗ್ಗೆ ಆಡುವ ಮಾತು ಅವಳ ಕಿವಿಗೂ ಬೀಳುತ್ತದೆ. ಮೂರು ವರ್ಷ ತುಂಬಿದ ಮೇಲೆ ಒಂದು ದಿನ ಅವಳೇ ಒಬ್ಬ ಆಂಟಿಗೆ ‘ನಾನು ಮೊದ್ಲು ನೋಡ್ತೀನಿ’ ಅಂದಳು. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ 4 ತಿಂಗಳ ಕೂಸುಗಳಿಗೆ ಹೊಸ ಸದ್ದು, ಹೊಸ ಆಟಿಕೆ ತೋರಿಸಿ ನೋಡಿದರು. ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅಳುತ್ತಿತ್ತು. ಮುಂದೆ ಹೆಚ್ಚು ಅಳುಕುತ್ತಿದ್ದ ಮಕ್ಕಳು ಇವರಲ್ಲೇ ಜಾಸ್ತಿ. ಆದರೂ ಇವರಲ್ಲಿ ಎಷ್ಟೋ ಮಂದಿ ಅಂಜುಬುರುಕರಾಗಿ ಉಳಿಯಲಿಲ್ಲ. ಥಾಮಸ್ ಮತ್ತು ಚೆಸ್ ಕೂಡ ಮಗುವಿನ ಗುಣಕ್ಕೂ ಮನೆಯವರ ರೀತಿಗೂ ಎಷ್ಟು ಹೊಂದಿಕೆ ಇದೆ ಅನ್ನುವುದಕ್ಕೇ ಹೆಚ್ಚು ಬೆಲೆ ಕೊಟ್ಟರು. ಹಾಗಾಗಿ ನೋಟ್‌ಬುಕ್ಕಿನಲ್ಲಿ ನಮ್ಮಿಬ್ಬರ ಬಗ್ಗೆಯೂ ಬರೆಯುತ್ತೇನೆ. ನನ್ನದು ಬಿರುಸಿನ ನಡೆ, ಅವಳಪ್ಪನದು ನಿಧಾನ. ಹೊರಡುವ ಗಡಿಬಿಡಿಯಲ್ಲಿ ಅವಳು ಅವರ ಕೈಯಲ್ಲಿ ಶಾಂತವಾಗಿರುತ್ತಾಳೆ. ಕುಣಿತ, ಓಟ, ಹತ್ತುವುದು ಇಳಿಯುವುದು ಎಲ್ಲಾ ನನ್ನ ಜೊತೆ.

ಎರಡರ ಆಸುಪಾಸಿನಲ್ಲಿ ‘ನಾನೇ’, ‘ನಂದು’ ಶುರುವಾದವು. ಕನ್ನಡಿಯಲ್ಲಿ ಕಾಣುವುದು ತಾನೇ ಅಂತ ಮಗುವಿಗೆ ಗೊತ್ತಾಗುತ್ತದಾ ಅಂತ ನೋಡಲು, ಮೂಗಿಗೆ ಬಣ್ಣ ಹಚ್ಚಿ ಕನ್ನಡಿ ಮುಂದೆ ನಿಲ್ಲಿಸುವ ಪರೀಕ್ಷೆ ಒಂದಿದೆ. ಮಕ್ಕಳ ಮೇಲೆ ಅದನ್ನು ನಡೆಸಿ 1972ರಲ್ಲಿ ಪ್ರಕಟಿಸಿದವರು ಮನಶ್ಶಾಸ್ತ್ರಜ್ಞೆ ಬ್ಯೂಲಾ ಆಮ್‌ಸ್ಟರ್‌ಡ್ಯಾಮ್. ಸಾಮಾನ್ಯವಾಗಿ 18ರಿಂದ 24 ತಿಂಗಳೊಳಗೆ ಮಕ್ಕಳು ಕನ್ನಡಿ ಬಿಟ್ಟು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. ಇವಳೂ ಮುಟ್ಟಿಕೊಂಡಳು. ಅದೇ ದಿನಗಳಲ್ಲಿ ಯಾರಿಗೂ ಕೊಡದ ತನ್ನ ಗೊಂಬೆಯನ್ನು, ಅಳುತ್ತಿದ್ದ ಇನ್ನೊಂದು ಮಗುವಿನ ಮಡಿಲಿಗೆ ಹಾಕಿದಳು. ಅಳು ನಿಂತ ಕೂಡಲೇ ವಾಪಸ್ ತೆಗೆದುಕೊಂಡಳು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದೆ. ಎರಡೂ ಅವಳೇ ಅಲ್ವಾ!

ಈಗ ಶಾಲೆಗೆ ಹೋಗುತ್ತಾಳೆ. ‘ಹೇಗಿದ್ದಾಳೆ?’ ಅಂತ ಕೇಳಿದರೆ ‘ಚೆನ್ನಾಗಿದ್ದಾಳೆ’ ಅನ್ನುವ ಉತ್ತರ ಮಾತ್ರ ಬರುತ್ತದೆ. ಅದಕ್ಕೆ ಟೀಚರ್ ಹತ್ತಿರ ‘ಆಟದ ಹೊತ್ತಿನಲ್ಲಿ ಎಲ್ಲಿರುತ್ತಾಳೆ, ಯಾರ ಜೊತೆ, ಏನು ಮಾಡುತ್ತಾ?’ ಅಂತ ಕೇಳಿದೆ. ‘ಅಯ್ಯೋ, ಎಲ್ಲರನ್ನೂ ಸಾಲಾಗಿ ನಿಲ್ಲಿಸೋದು ಅವಳೇ. ದನಿ ಕೇಳ್ಬೇಕು ನೀವು!’ ಅಂದರು. ಮನೆಯಲ್ಲಿ ಈ ಹುಡುಗಿಯನ್ನು ನಾವು ಕಂಡೇ ಇಲ್ಲ. ಶಾಲೆಗೆ ಅಂತಲೇ ಬೇರೆ ಪುಟ ಮಾಡಿದ್ದೇನೆ. ತಿಂಗಳಿಗೊಮ್ಮೆ ಟೀಚರ್ ಹೇಳಿದ್ದನ್ನು ಅವರ ಮಾತಿನಲ್ಲೇ ಅಲ್ಲಿ ಬರೆಯುತ್ತೇನೆ.