ಅಮಿದ ಬುದ್ಧ ಕರ್ಕೊಂಡು ಹೋಗೋಕೆ ಬರೋ ಚಿತ್ರ ಬರೆದ ನನ್ನ ಅನುಭವ

ನಾನು ಕಲಿತಿದ್ದು ಮೈಸೂರು ಶೈಲಿ, ಮಕ್ಕಿ ಸಫೇದ ಅನ್ನೋ ಲೇಪ ಹಚ್ಚಿ ಉಬ್ಬಿಸಿ ಅದರ ಮೇಲೆ ಚಿನ್ನದ ಹಾಳೆ ಕೂರಿಸೋದು ಅಭ್ಯಾಸ ಆಗಿತ್ತು. ಜಪಾನಿನ ಕ್ಯೋಟೋಗೆ ಬಂದ್ಮೇಲೆ ಬೌದ್ಧ ಚಿತ್ರ ಕಲಿಸೋ ಕ್ಲಾಸ್ ಸೇರ್ಕೊಂಡು ರೈಗೋ ಚಿತ್ರ ನಕಲು ಮಾಡೋಕೆ ಕೂತೆ. ರೈಗೋ ಅಂದ್ರೆ ಪ್ರಾಣ ಹೋಗೋ ಹೊತ್ತಿಗೆ ಅಮಿದ ಬುದ್ಧ, ಅಂದ್ರೆ ಅಮಿತಾಭ, ಬೋಧಿಸತ್ವರ ಜೊತೆ ಮೋಡದ ಮೇಲೆ ಬಂದು ತನ್ನ ಲೋಕವಾದ ಸುಖಾವತಿಗೆ ಕರ್ಕೊಂಡು ಹೋಗೋದು. ಉಜಿ ಊರಿನ ಬ್ಯೋದೋಇನ್ ದೇವಸ್ಥಾನದಲ್ಲಿ 1053ರಲ್ಲೇ ಬಾಗಿಲುಗಳ ಮೇಲೆ ಇದನ್ನ ಬರೆಸಿದ್ರು.

ನಾನು ಆರಿಸ್ಕೊಂಡಿದ್ದು ಚಿಯೋನ್‌ಇನ್ ದೇವಸ್ಥಾನದ ಕಾಮಾಕುರಾ ಕಾಲದ (1185–1333) ಚಿತ್ರ. ಎಡಗಡೆ ಮೇಲಿಂದ ಅಮಿದ, 25 ಬೋಧಿಸತ್ವರು ಕಡಿದಾದ ಬೆಟ್ಟದ ಮೇಲೆ ಜಾರುಬಂಡೆಯಲ್ಲಿ ಇಳಿದಂಗೆ ಇಳೀತಾರೆ, ಬಲಗಡೆ ಕೆಳಗೆ ಮನೇಲಿ ಒಬ್ಬರು ಕೈಮುಗಿದು ಕೂತಿದಾರೆ. ಎಲ್ಲರಿಗಿಂತ ಮುಂದೆ ಕನ್ನೊನ್, ಅಂದ್ರೆ ಅವಲೋಕಿತೇಶ್ವರ ಬೋಧಿಸತ್ವ, ಕಮಲದ ಪೀಠ ಹಿಡ್ಕೊಂಡು ಬಗ್ಗಿದಾನೆ, ಪೀಠ ಖಾಲಿ ಇದೆ, ಅದು ಸಾಯ್ತಿರೋರಿಗೆ ಕೂರೋಕೆ.

ರೇಷ್ಮೆಯನ್ನ ಫ್ರೇಮಿಗೆ ಬಿಗಿದು, ನಮ್ಮ ಮರವಜ್ರದ ತರದ ಅಂಟಿಗೆ ಪಟಿಕ ಬೆರೆಸಿ ಬಳಿದ್ರೆ ಬಣ್ಣ ಹರಡಲ್ಲ. ಆಮೇಲೆ ಮುಖ, ಕೈಗೆಲ್ಲ ಬಿಳಿ ಬಣ್ಣವನ್ನ ಬಟ್ಟೆಯ ಹಿಂದ್ಗಡೆಯಿಂದ ಹಚ್ಚಬೇಕು, ಮುಂದ್ಗಡೆ ನೂಲಿನ ಸಂದೀಲಿ ಅದು ತೆಳ್ಳಗೆ ಕಾಣಿಸಿ ಚರ್ಮದೊಳಗೇ ಬೆಳಕಿದ್ದಂಗೆ ಬರುತ್ತೆ, ಇದನ್ನ ಮೊದಲ ಸಲ ನೋಡಿದಾಗ ನಂಗೆ ಮಾತೇ ಹೊರಡ್ಲಿಲ್ಲ.

ನಿಜವಾದ ಕಷ್ಟ ಕಿರಿಕಾನೆ ಅನ್ನೋ ಚಿನ್ನದ ಎಳೆ ಕೆಲಸ. ಚಿನ್ನದ ಹಾಳೆಗಳನ್ನ ಬಿಸಿ ತಾಗಿಸಿ ಒಂದರ ಮೇಲೊಂದು ಅಂಟಿಸಿ, ಜಿಂಕೆ ಚರ್ಮದ ಹಲಗೆ ಮೇಲಿಟ್ಟು, ಬಿದಿರಿನ ಚಾಕುವಲ್ಲಿ ಕೂದಲೆಳೆಯಷ್ಟು ಸಣ್ಣಗೆ ಕತ್ತರಿಸ್ಬೇಕು, ಲೋಹದ ಚಾಕುವಾದ್ರೆ ಚಿನ್ನ ಅದಕ್ಕೇ ಅಂಟಿಕೊಳ್ಳುತ್ತೆ. ಒಂದು ಕೈಯಲ್ಲಿ ಎಳೆ ಹಿಡಿದ ಬ್ರಷ್, ಇನ್ನೊಂದು ಕೈಯಲ್ಲಿ ಅಂಟಿನ ಬ್ರಷ್, ಉಸಿರು ಬಿಗಿಹಿಡಿದು ಅಮಿದನ ವಸ್ತ್ರದ ಒಂದೊಂದು ಗೆರೆ ಕೂರಿಸ್ತಾ ಹೋಗೋದು. ಮೈಸೂರು ಚಿತ್ರದ ಹಾಗೆ ಇಲ್ಲಿ ಉಬ್ಬು ಕೆಲಸ ಇಲ್ಲ, ಆದ್ರೂ ರೂಮಿನ ಲೈಟ್ ಆರಿಸಿ ಒಂದು ದೀಪ ಕೆಳಗಿಟ್ಟು ನೋಡಿದ್ರೆ ಬಣ್ಣಗಳು ಕತ್ತಲಲ್ಲಿ ಹಿಂದೆ ಸರಿದು ಚಿನ್ನದ ಗೆರೆ ಮಾತ್ರ ಮುಂದೆ ಬರುತ್ತೆ.

ಇದು ಸಾಯೋ ಹೊತ್ತಲ್ಲಿ ಮಲಗಿರೋರು ನೋಡ್ಲಿ ಅಂತಾನೇ ಇರೋ ಚಿತ್ರ ಅನ್ನೋದು ನಂಗೆ ಆಗಲೇ ಅರ್ಥ ಆಗಿದ್ದು. ಕ್ಯೋಟೋದ ಕೊಂಕಾಯ್‌ಕೋಮ್ಯೋಜಿ ದೇವಸ್ಥಾನದ ಪರದೆ ಚಿತ್ರದಲ್ಲಿ ಅಮಿದನ ಕೈಗೆ ಕಟ್ಟಿದ್ದ ಐದು ಬಣ್ಣದ ದಾರದ ತುಂಡುಗಳು ಇವತ್ತಿಗೂ ಇವೆ, ಇನ್ನೊಂದು ತುದಿ ಸಾಯೋರ ಕೈಯಲ್ಲಿ ಇರ್ತಿತ್ತು. ನೀವು ಬರೆಯೋಕೆ ಹೊರಟ್ರೆ ಅಮಿದನ ಮುಖಕ್ಕೆ ಮೊದಲೇ ಕೈ ಹಾಕ್ಬೇಡಿ, ಕನ್ನೊನ್ ಹಿಡಿದಿರೋ ಆ ಪೀಠ ಬರೆದು ಬರೆದು ಕೈ ಪಳಗಿಸ್ಕೊಳ್ಳಿ, ಬರೆದಿದ್ದನ್ನ ನೆಲದ ಮೇಲೆ ಮಲಗಿ ನೋಡಿ.