ತಲೆಗೆ ಗಾಣದ್ದು, ಮೈಗೆ ಕಾಯಿಹಾಲಿನದ್ದು

ಜೂನ್‌ನಲ್ಲಿ ಹಿಡಿದ ಮಳೆ ಮಡಿಕೇರಿಯಲ್ಲಿ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಬಟ್ಟೆಯೇ ಒಣಗದ ಊರಲ್ಲಿ ಕೊಬ್ಬರಿ ಒಣಗುತ್ತದಾ? ಹಾಗಾಗಿ ತೆಂಗಿನೆಣ್ಣೆ ವಿಷಯದಲ್ಲಿ ಬಯಲುಸೀಮೆಯವರ ಲೆಕ್ಕ ನಮಗೆ ಆಗಿಬರುವುದಿಲ್ಲ. 40 ವರ್ಷದಿಂದ ನಮ್ಮ ಮನೆಯಲ್ಲಿ ಎರಡು ಭರಣಿ ಇವೆ. ತಲೆಗೆ ಗಾಣದ ಎಣ್ಣೆ, ಮೈಗೆ ಕಾಯಿಹಾಲು ಕಾಯಿಸಿ ತೆಗೆದ ಎಣ್ಣೆ.

ಗಾಣಕ್ಕೆ ಕೊಡುವ ಕೊಬ್ಬರಿಯನ್ನು ನಾವು ಮಾರ್ಚ್‌ನಲ್ಲೇ ಮಾಡಿಕೊಳ್ಳಬೇಕು. ರೋಬಸ್ಟಾ ಕಾಫಿ ಎತ್ತಿದ ಮೇಲೆ ಕಣ ಖಾಲಿ ಇರುತ್ತದೆ. ಒಡೆದ ಕಾಯಿಯನ್ನು ಅಲ್ಲೇ ಹರಡಿ. ಎರಡು ದಿನಕ್ಕೆ ಚಿಪ್ಪು ಬಿಡುತ್ತದೆ, ಆಮೇಲೆ ಇನ್ನೂ ನಾಲ್ಕೈದು ದಿನ ಬಿಸಿಲು ಬೇಕು. ಆಕಾಶದ ಮೇಲೆ ಕಣ್ಣಿರಲಿ. ಕಾಫಿ ಹೂ ಅರಳಿಸುವ ಹೂಮಳೆ ಗಿಡಕ್ಕೆ ಎಷ್ಟು ಒಳ್ಳೆಯದೋ ಕೊಬ್ಬರಿಗೆ ಅಷ್ಟೇ ಕೇಡು. ಸರಿಯಾಗಿ ಒಣಗಿದ ಕೊಬ್ಬರಿ ಕೈಯಲ್ಲಿ ಮುರಿದರೆ ಟಕ್ ಅನ್ನುತ್ತದೆ. ಬಗ್ಗಿದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ.

ಒಂದು ವರ್ಷ ನಾನು ಮಳೆ ಶುರುವಾದ ಮೇಲೆ ಅಟ್ಟದಲ್ಲಿದ್ದ ಕೊಬ್ಬರಿ ಇಳಿಸಿ ಅವಸರದಲ್ಲಿ ಗಾಣಕ್ಕೆ ಕಳಿಸಿದೆ. ಅಲ್ಲಲ್ಲಿ ಬೂಷ್ಟು ಹಿಡಿದಿತ್ತು, ಬಟ್ಟೆಯಲ್ಲಿ ಒರೆಸಿದ್ದೆ ಅಷ್ಟೇ. ತಿಂಗಳಾಗುವಷ್ಟರಲ್ಲಿ ಡಬ್ಬಿ ಪೂರ್ತಿ ಕಮಟು ವಾಸನೆ. 5 ಲೀಟರ್ ಎಣ್ಣೆಯಲ್ಲಿ ಒಂದು ಚಮಚವೂ ಬಳಸಲಿಲ್ಲ. ಬೂಷ್ಟಿನ ವಿಷ ಒರೆಸಿದರೆ ಹೋಗುವುದಿಲ್ಲ. ಹಸಿರು, ಕಪ್ಪು ಕಂಡ ಹೋಳನ್ನು ಎತ್ತಿ ಬಿಸಾಡಿ, ದುಡ್ಡಿನ ಮುಖ ನೋಡಬೇಡಿ.

ಮರದ ಗಾಣವೋ ಮೆಷಿನ್ನೋ ಅಂತ ತುಂಬಾ ಜನ ಕೇಳುತ್ತಾರೆ. ಮೆಷಿನ್ ಜಾಸ್ತಿ ಬಿಸಿಯಾಗುತ್ತದೆ, ಎಣ್ಣೆಯ ಬಣ್ಣ, ವಾಸನೆ ಸ್ವಲ್ಪ ಗಾಢ. ಕೂದಲಿಗೆ ಅದರಿಂದ ದೊಡ್ಡ ವ್ಯತ್ಯಾಸ ನಾನಂತೂ ಕಂಡಿಲ್ಲ. ಕೊಬ್ಬರಿ ಒಣಗಿತ್ತಾ ಅನ್ನುವುದೇ ಮುಖ್ಯ. ತಂದ ಎಣ್ಣೆಯನ್ನು ನಾಲ್ಕು ದಿನ ಅಲುಗಾಡಿಸದೆ ಇಡಿ, ಗಸಿ ತಳಕ್ಕೆ ಕೂರಲಿ. ಆಮೇಲೆ ಬಟ್ಟೆಯಲ್ಲಿ ಸೋಸಿ.

ಕಾಯಿಹಾಲಿನ ಎಣ್ಣೆಗೆ ಬಿಸಿಲೇ ಬೇಡ. ಅದಕ್ಕೇ ನಮ್ಮ ಮಳೆಗಾಲಕ್ಕೆ ಅದು ಹೇಳಿ ಮಾಡಿಸಿದ್ದು. ಚೆನ್ನಾಗಿ ಬಲಿತ 10 ಕಾಯಿ ತುರಿದು, ಬಿಸಿನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಆ ಹಾಲನ್ನು ಹಾಗೇ ಒಲೆಗೆ ಇಡಬೇಡಿ. ರಾತ್ರಿ ಫ್ರಿಜ್ಜಲ್ಲಿಡಿ. ಬೆಳಿಗ್ಗೆ ಕೆನೆ ಗಟ್ಟಿಯಾಗಿ ಮೇಲೆ ನಿಂತಿರುತ್ತದೆ, ಕೆಳಗಿನ ನೀರು ಚೆಲ್ಲಿ. ಬರೀ ಕೆನೆ ಕಾಯಿಸಿದರೆ ಅರ್ಧಕ್ಕರ್ಧ ಗ್ಯಾಸ್ ಉಳಿಯುತ್ತದೆ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ತಿರುವುತ್ತಿರಿ. ಮೊದಲು ಹಾಲು ಒಡೆದು ಮೊಸರಿನ ಹಾಗೆ ಆಗುತ್ತದೆ. ಆಮೇಲೆ ಅಂಚಲ್ಲಿ ಎಣ್ಣೆ ಬಿಡುತ್ತದೆ, ಚಟಪಟ ಸದ್ದು ಶುರುವಾಗುತ್ತದೆ. ಆ ಸದ್ದು ನಿಂತು, ತಳದ ಗಸಿ ಹೊಂಬಣ್ಣಕ್ಕೆ ಬಂದಾಗ ಇಳಿಸಿ. ಅನುಮಾನ ಇದ್ದರೆ ಹತ್ತಿಯ ಬತ್ತಿ ಅದ್ದಿ ಹಚ್ಚಿ ನೋಡಿ. ಚಟಗುಟ್ಟಿದರೆ ನೀರು ಉಳಿದಿದೆ, ಇನ್ನೂ ಸ್ವಲ್ಪ ಕಾಯಿಸಿ. ನನಗೆ 10 ಕಾಯಿಗೆ ಅರ್ಧ ಲೀಟರ್ ಸಿಕ್ಕರೆ ಹೆಚ್ಚು. ಉಳಿದ ಗಸಿಗೆ ಬೆಲ್ಲ ಕಲಸಿ ಕೊಟ್ಟರೆ ಮಕ್ಕಳು ಬಟ್ಟಲು ನೆಕ್ಕುತ್ತವೆ.

ಹೋದ ಸಲ ಸೊಸೆ ಒಂದು ಪುಟ್ಟ ಬಾಟಲಿ ತಂದು, "ಅತ್ತೆ, ಇದು ವರ್ಜಿನ್ ಎಣ್ಣೆಯಂತೆ, ತುಂಬಾ ರೇಟು" ಅಂದಳು. ಹಸಿ ಕಾಯಿಂದ ತೆಗೆದದ್ದಕ್ಕೆ ಆ ಹೆಸರು ಕಣಮ್ಮ, ನಮ್ಮ ಬಾಣಲೆಯದ್ದೂ ಅದೇ ಜಾತಿ ಅಂದೆ. ಅದರ ವಾಸನೆ ಹಗುರ. ಸ್ನಾನ ಮಾಡಿ ಮೈ ಇನ್ನೂ ಒದ್ದೆ ಇರುವಾಗಲೇ ನಾಲ್ಕು ಹನಿ ಸವರಿದರೆ ಚಳಿಗೆ ಒಡೆದ ಕೈಕಾಲು ಮೆತ್ತಗಾಗುತ್ತದೆ.

ರಿಫೈನ್ಡ್ ಎಣ್ಣೆಯನ್ನು ನಾನು ಬಯ್ಯುವುದಿಲ್ಲ. ಬಣ್ಣ ತೆಗೆದು, ಜೋರು ಬಿಸಿ ಆವಿಯಲ್ಲಿ ವಾಸನೆ ಕಳೆದಿರುತ್ತಾರೆ. ಪರಿಮಳ ಇಲ್ಲ, ಆದರೆ ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲ ಅನ್ನುವ ಕೊಬ್ಬಿನಂಶ ಹಾಗೇ ಇರುತ್ತದೆ. ಕೂದಲ ಒಳಗೆ ಇಳಿದು ಅದನ್ನು ಕಾಯುವುದು ಅದೇ. ತಲೆ ತೊಳೆಯುವ ಒಂದೆರಡು ಗಂಟೆ ಮೊದಲು ಹಚ್ಚಿದರೆ ಸಾಕು, ಸುಮ್ನೆ ಸುರಿದುಕೊಳ್ಳಬೇಡಿ.

ಮುಖದಲ್ಲಿ ಮೊಡವೆ ಏಳುವವರು ಯಾವ ತೆಂಗಿನೆಣ್ಣೆಯನ್ನೂ ಮುಖಕ್ಕೆ ಹಚ್ಚಬೇಡಿ. ರಂಧ್ರ ಮುಚ್ಚಿ ಇನ್ನೂ ಜಾಸ್ತಿಯಾಗುತ್ತದೆ. ತಲೆಯಲ್ಲಿ ಹೊಟ್ಟು ಜೋರಾಗಿದ್ದಾಗಲೂ ಎಣ್ಣೆ ಬಿಡಿ, ವೈದ್ಯರಿಗೆ ತೋರಿಸಿ.

ಡಿಸೆಂಬರ್ ಬಂದರೆ ಭರಣಿಯಲ್ಲಿ ಎಣ್ಣೆ ಕಲ್ಲಾಗುತ್ತದೆ. ಮೇಣ ಬೆರೆಸಿದ್ದಾರೆ ಅಂತ ಹೆದರಬೇಡಿ, ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗಲೇಬೇಕು. ಒಲೆ ಮೇಲೆ ಇಡಬೇಡಿ. ಬೇಕಾದಷ್ಟನ್ನು ಒಣ ಚಮಚದಲ್ಲಿ ಕೆರೆದು ಬಟ್ಟಲಿಗೆ ಹಾಕಿ, ಬಚ್ಚಲ ಹಂಡೆಯ ಬಿಸಿನೀರು ಒಂದು ಪಾತ್ರೆಗೆ ತೋಡಿಕೊಂಡು ಅದರಲ್ಲಿ ಬಟ್ಟಲು ಇಡಿ. ನೀವು ಜಡೆ ಬಿಚ್ಚುವಷ್ಟರಲ್ಲಿ ಕರಗಿರುತ್ತದೆ.